ಬೆನ್ನು ತಿರುಗಿಸಿ ಮಾರುತ್ತಿದ್ದ ಅಣ್ಣ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ. ಎಂಬತ್ತು ದಾಟಿದರೂ ನನಗೆ ಅಷ್ಟು ಧೈರ್ಯ ಬಂದಿಲ್ಲ. ಅಂಗಡಿಯಲ್ಲಿ ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಸಾವುಕಾರರೂ ಒಮ್ಮೊಮ್ಮೆ ಬಾಯಿ ತಪ್ಪಿ ಅಣ್ಣ ಎಂದುಬಿಡುತ್ತಿದ್ದರು. ಹೋದ ವರ್ಷ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡರು. ತೊಂಬತ್ತು ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಅಳುವಂಥ ಸಾವಲ್ಲ. ಅವರನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ನಗು. ನಗುವಿನ ಹಿಂದೆ ಇನ್ನೊಂದು ಬರುತ್ತದೆ. ಅದನ್ನು ಹೇಳಿಕೊಳ್ಳಲಿಕ್ಕೆಂದೇ ಈ ನಾಲ್ಕು ಪುಟ.

ನಮ್ಮದು ಆದೋನಿಯ ಬಜಾರಿನಲ್ಲಿದ್ದ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ನಮ್ಮ ಸೀಮೆ ಮದರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಮರುವರ್ಷ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಆ ಸಾಲಿನ ಅಂಗಡಿಗಳಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಕನ್ನಡ, ತೆಲುಗು ಎರಡೂ ಓದಿ ಬರೆಯಲು ಬರುತ್ತಿತ್ತು, ಸಾಬರ ಜೊತೆ ಅವರ ಮಾತೂ ಬರುತ್ತಿತ್ತು. ಮಾತೇ ನನ್ನ ಬಂಡವಾಳ ಎಂದು ನಾನು ತಿಳಿದಿದ್ದೆ. ಸಾವುಕಾರರೂ ಹಾಗೆಯೇ ತಿಳಿದು ನನ್ನನ್ನು ಇಟ್ಟುಕೊಂಡಿದ್ದರು.

ಮೊದಲ ದಿನ ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ತಮ್ಮಾ, ಇವತ್ತು ಬಾಯಿಗೆ ಸೂಟಿ ಕೊಡು. ಬರೇ ಕಾಲು ನೋಡು,” ಎಂದರು.

“ಯಾರ ಕಾಲು?”

“ಬಂದವರ ಕಾಲು. ಮಾರಿ ಸುಳ್ಳು ಹೇಳ್ತೈತಿ. ಕಾಲಿಗೆ ಅಷ್ಟು ಬುದ್ಧಿ ಇರಂಗಿಲ್ಲ.”

ಸಂಜೆಯವರೆಗೆ ನೋಡಿದೆ. ನನಗೆ ಕಂಡದ್ದು ಧೂಳು, ಒಡೆದ ಹಿಮ್ಮಡಿ, ಒಂದೆರಡು ಜೊತೆ ಹೊಸ ಚಪ್ಪಲಿ. ಅಣ್ಣ ಅದೇ ಕಾಲುಗಳನ್ನು ನೋಡಿ ಯಾರು ಕೊಳ್ಳಲು ಬಂದವರು, ಯಾರು ಬಿಸಿಲು ತಪ್ಪಿಸಿಕೊಳ್ಳಲು ಬಂದವರು, ಯಾರು ಪಕ್ಕದ ಅಂಗಡಿಯಲ್ಲಿ ಜಗಳ ಮಾಡಿಕೊಂಡು ಬಂದವರು ಎಂದು ಹೇಳುತ್ತಿದ್ದರು. ನಾನು ಒಳಗೊಳಗೇ ನಕ್ಕೆ. ಹೈಸ್ಕೂಲಿನಲ್ಲಿ ಕಾಲಿನ ಪಾಠ ಇರಲಿಲ್ಲ.

ಅಣ್ಣ ಕೋಸಗಿಯವರು. ದಿನಾ ಬೆಳಗಿನ ಪ್ಯಾಸೆಂಜರಿಗೆ ಬಂದು ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದರು. ಕುಳ್ಳಗಿನ ಆಳು, ಹೆಗಲ ಮೇಲೆ ಒಂದು ಬಿಳಿ ವಲ್ಲಿ, ಎರಡು ಹಲ್ಲಿನ ನಡುವೆ ಒಂದು ಸಂದು. ನಕ್ಕಾಗ ಆ ಸಂದು ಮೊದಲು ನಗುತ್ತಿತ್ತು. ಮಾಲು ರೈಲಿನಲ್ಲಿ ಬಂದ ದಿನ ಅದನ್ನು ಬಿಡಿಸಿಕೊಳ್ಳಲು ನಾನು ಸ್ಟೇಷನ್ನಿಗೆ ಹೋಗಬೇಕಾಗುತ್ತಿತ್ತು. ಅಂಥ ದಿನಗಳಲ್ಲಿ ಇಬ್ಬರೂ ಒಟ್ಟಿಗೆ ನಡೆದು ಬರುತ್ತಿದ್ದೆವು. ಒಮ್ಮೆ ಗಾಡಿಯಿಂದ ಇಳಿದ ಜನರಲ್ಲಿ ಒಬ್ಬ ಕೆಂಪು ರುಮಾಲಿನವನನ್ನು ಅಣ್ಣ ಕಣ್ಣಲ್ಲೇ ತೋರಿಸಿದರು.

“ಆತ ನಮ್ಮ ಅಂಗಡಿಗೆ ಬರ್ತಾನ. ಮೊದಲು ನಾಷ್ಟಾ ಮಾಡ್ತಾನ, ಆಮ್ಯಾಲ.”

“ಗುರುತೇನು?”

“ಯಾವ ಊರವನೋ ಯಾರಿಗ್ಗೊತ್ತು. ಆತನ ಹೆಂಡ್ತಿ ನೋಡು, ಮುಂದ ಹೊಂಟಾಳ. ಊರಾಗ ಹೆಂಡ್ತಿ ಹಿಂದ ನಡೀತಾಳ. ಪಾತ್ರಿ ತಗಳ್ಳಾಕ ಬಂದಾಗ ಮಾತ್ರ ಆಕಿ ಮುಂದ, ಈತ ಹಿಂದ.”

ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಪಣ ಕಟ್ಟಿದೆ. ಹತ್ತು ಗಂಟೆಗೆ ಆ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದಳು. ಹಿಂದೆ ಕೆಂಪು ರುಮಾಲು, ಮೀಸೆಯ ಮೇಲೆ ಮಂಡಕ್ಕಿಯ ಚೂರು. ಅಣ್ಣ ನನ್ನ ಕಡೆ ನೋಡದೆ ನಾಲಿಗೆಯಿಂದ ತುಟಿ ಸವರಿಕೊಂಡರು. ನನ್ನ ಮಿರ್ಚಿ ಹೋಯಿತು.

ಗಿರಾಕಿಗಳು ಪಾತ್ರೆಯ ಅಳತೆಯನ್ನು ಕೈಯಲ್ಲೇ ಹೇಳುತ್ತಿದ್ದರು. ಎರಡೂ ಕೈ ಅಗಲಿಸಿ “ಇಷ್ಟು ಹಂಡೆ” ಎನ್ನುವುದು, ಅಂಗೈ ಮಡಚಿ “ಇಷ್ಟು ತಂಬಿಗೆ” ಎನ್ನುವುದು. ನಾನು ಅವರು ತೋರಿಸಿದ್ದನ್ನೇ ನಂಬಿ ಪಾತ್ರೆ ತರುತ್ತಿದ್ದೆ, ಅದು ಯಾವಾಗಲೂ ತಪ್ಪಾಗುತ್ತಿತ್ತು. ಅಣ್ಣ ಒಂದು ದಿನ ಗುಟ್ಟು ಹೇಳಿದರು. “ಗಂಡಸು ತೋರಿಸಿದ್ರಾಗ ಅರ್ಧ ತೆಗೀಬೇಕು. ಹೆಣ್ಣುಮಕ್ಕಳು ತೋರಿಸಿದ್ದಕ್ಕ ಅರ್ಧ ಸೇರಿಸಬೇಕು. ಆತ ಊರಿಗೆಲ್ಲ ಕಾಣಂಗ ತಗಳ್ಳಾಕ ಬಂದಿರ್ತಾನ. ಆಕಿ ಯಾರ ಕಣ್ಣಿಗೂ ಬೀಳದಂಗ ದೊಡ್ಡದು ಒಯ್ಯಾಕ ಬಂದಿರ್ತಾಳ.” ಮುಂದೆ ನಾನೇ ಅಂಗಡಿ ಇಟ್ಟಾಗ ಈ ಸೂತ್ರ ಒಮ್ಮೆಯೂ ಕೈ ಕೊಡಲಿಲ್ಲ.

ನಮ್ಮ ಅಂಗಡಿಯಲ್ಲಿ “ಇಲ್ಲ” ಎಂಬ ಮಾತು ಆಡುವಂತಿರಲಿಲ್ಲ. ಲಕ್ಷ್ಮಿ ಕೇಳಿಸಿಕೊಳ್ಳುತ್ತಾಳೆ ಎಂದು ಸಾವುಕಾರರ ನಂಬಿಕೆ. ಗಿರಾಕಿ ಕೇಳಿದ್ದು ಇರದಿದ್ದರೆ ಅಣ್ಣ ಬಲಗೈಯನ್ನು ಎದೆಯ ಮೇಲಿಟ್ಟು, ಹುಬ್ಬು ಸ್ವಲ್ಪ ಏರಿಸಿ, ಬೀದಿಯ ಕಡೆ ದೂರಕ್ಕೆ ನೋಡುತ್ತಿದ್ದರು. ಯಾರೋ ನೆಂಟರು ಬರುವುದನ್ನು ಕಾಯುವವರಂತೆ. ಹಾಲಹರವಿಯ ಒಕ್ಕಲಿಗನಿಗೂ ತಿಳಿಯುತ್ತಿತ್ತು: ಮಾಲು ದಾರಿಯಲ್ಲಿದೆ, ಎಂಟು ದಿನ ಬಿಟ್ಟು ಬರಬೇಕು. ಅದನ್ನೇ ನಾನು ಮಾಡಿದೆ. ಒಬ್ಬ ಮುದುಕ ಗಾಬರಿಯಾಗಿ, “ಎದಿ ಹಿಡಕಂಡೈತೇನಪ್ಪಾ? ಜರಾ ನೀರು ಕುಡಿ,” ಎಂದ. ಅಣ್ಣ ಹಂಡೆಯೊಂದರ ಹಿಂದೆ ತಲೆ ಬಗ್ಗಿಸಿ ನಕ್ಕದ್ದು ಹಂಡೆಯೊಳಗೇ ಗುಂಯ್ ಎಂದಿತು.

ಅಣ್ಣನ ದೊಡ್ಡ ವಿದ್ಯೆ ಎಂದರೆ ಬೆನ್ನು ತಿರುಗಿಸುವುದು. ಕೂಲಿನಾಲಿಯ ಹೆಂಗಸರು ಅಂಗಡಿ ಹತ್ತಲು ಸಂಕೋಚಪಟ್ಟು ಬೀದಿಯಲ್ಲೇ ನಿಲ್ಲುತ್ತಿದ್ದರು. ಅಣ್ಣ ಒಂದು ಕೊಡವನ್ನು ಎರಡೂ ಕೈಯಲ್ಲಿ ತಂದು, ಕೆಳಗಿನ ಮೆಟ್ಟಿಲ ಮೇಲೆ ಬಾಯಿ ಅವರ ಕಡೆ ಬರುವ ಹಾಗೆ ಇಟ್ಟು, ಏನೂ ಹೇಳದೆ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಅಲ್ಲಿ ತೂಗು ಹಾಕಿದ ಪಾತ್ರೆಗಳನ್ನು ಒರೆಸುತ್ತಾ ನಿಲ್ಲುವರು. ಹೆಂಗಸು ಮೊದಲು ಕೊಡವನ್ನು ಬೆರಳಲ್ಲಿ ತಟ್ಟುತ್ತಿದ್ದಳು. ಆಮೇಲೆ ಎತ್ತುತ್ತಿದ್ದಳು. ಆಮೇಲೆ ನಡುವಿಗೆ ಇಟ್ಟುಕೊಳ್ಳುತ್ತಿದ್ದಳು. ಸರಿಯಾಗಿ ಆ ಗಳಿಗೆಗೆ ಅಣ್ಣ ತಿರುಗುತ್ತಿದ್ದರು. ಒಂದು ಕ್ಷಣ ಮುಂಚೆಯೂ ಅಲ್ಲ, ತಡವೂ ಅಲ್ಲ.

“ನೋಡ್ಕಂತ ನಿಂತ್ರ ಆಕಿ ಮುಟ್ಟಂಗಿಲ್ಲ. ಮುಟ್ಟದ್ದು ಮನಿಗೆ ಹೋಗಂಗಿಲ್ಲ,” ಎನ್ನುವರು.

ನಾನೂ ಹಾಗೆ ಮಾಡಿದೆ. ಕೊಡವನ್ನಿಟ್ಟು ಠಕ್ಕನೆ ಬೆನ್ನು ತಿರುಗಿಸಿದೆ. ಹಿಂದಿನಿಂದ ದನಿ ಬಂತು. “ಯಾಕಪ್ಪಾ, ನಮ್ಮ ಮಾರಿ ನೋಡಾಕ ಆಗವಲ್ದೇನು ನಿನಗ?” ತಿರುಗಿದರೆ ಆಕೆ ಎದುರಿನ ಅಂಗಡಿಯ ಮೆಟ್ಟಿಲ ಮೇಲಿದ್ದಳು.

ಇನ್ನು ಮದುವೆಯ ಕೊಡ. ನಮ್ಮ ಕಡೆ ಗಂಡನ ಮನೆಗೆ ಹೋಗುವ ಹುಡುಗಿಗೆ ತವರಿನವರು ಕೊಡ ಕೊಡಿಸುತ್ತಿದ್ದರು. ಕೊಳ್ಳಲು ಮನೆಮಂದಿಯೆಲ್ಲ ಬರುವರು. ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರು ಎಲ್ಲರೂ ಮಾತಾಡುವರು. ಹೊರುವವಳು ಮಾತ್ರ ಬಾಯಿ ಬಿಡುವಂತಿಲ್ಲ. ಹಿರಿಯರೆದುರು ಇದು ಬೇಡ, ಅದು ಬೇಕು ಎಂದರೆ ಹುಡುಗಿಗೆ ಬಾಯಿ ಹೆಚ್ಚು ಎನ್ನುತ್ತಾರೆ. ಆದರೆ ಮುಂದಿನ ಇಪ್ಪತ್ತು ವರ್ಷ ಆ ಕೊಡ ಕೂರಬೇಕಾದದ್ದು ಅವಳ ನಡುವಿನ ಮೇಲೆ. ಅಣ್ಣ ಅವಳ ಕೈಗೆ ಒಂದು ಕೊಡ ಕೊಟ್ಟು, ಅವಳು ಅದನ್ನು ನಡುವಿಗಿಟ್ಟಾಗ ಅವಳ ಮೊಣಕೈ, ಬೆರಳು, ಪಾದ ಈ ಮೂರನ್ನು ನೋಡುತ್ತಿದ್ದರು.

“ಮೊಣಕೈ ಕೋಳಿ ರೆಕ್ಕಿಯಂಗ ಹೊರಗ ಬಂತಂದ್ರ ಕೊಡ ದೊಡ್ಡದು. ಬೆರಳು ಕಂಠಕ್ಕ ಸುತ್ತಿದ್ವಂದ್ರ ಅದು ಆಕಿದು. ಮ್ಯಾಲ ಹಿರೇರು ಚೌಕಾಸಿ ಮಾಡ್ತಿರ್ತಾರ, ಕೆಳಗ ಆಕಿ ಕಾಲು ಆಗಲೇ ನೀರಿಗೆ ಹೊಂಟಿರ್ತಾವ.”

ಒಮ್ಮೆ ಒಬ್ಬ ಹುಡುಗಿಯ ಚಿಕ್ಕಪ್ಪ ದೊಡ್ಡ ಕೊಡವೇ ಬೇಕೆಂದು ಹಟ ಹಿಡಿದ. ಬೀಗರ ಮುಂದೆ ಮಾನದ ಪ್ರಶ್ನೆ. ಹುಡುಗಿಯ ಮೊಣಕೈ ರೆಕ್ಕೆಯಂತೆ ಹೊರಗೆ ಬಂದಿತ್ತು. ಅಣ್ಣ ಮರುಮಾತಾಡದೆ ಆ ದೊಡ್ಡ ತಾಮ್ರದ ಕೊಡವನ್ನು ಅವಳಿಂದ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟು, ಒಂದು ನಿಮಿಷ ಎಂಬಂತೆ ಬೆರಳು ತೋರಿಸಿ ಒಳಗೆ ಹೋದರು. ಒಳಗೆ ಹೋದವರು ನನ್ನ ಪಕ್ಕ ಕೂತು ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡರು. ಚಿಕ್ಕಪ್ಪ ಕೊಡವನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಹೊಟ್ಟೆಗೆ ಬದಲಾಯಿಸಿದ. ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡು, “ನೀರು ಹಾಕ್ರಪ್ಪಾ ಅದಕ್ಕ, ಹಂಗೇ ಊರತನಕ ಒಯ್ಲಿ,” ಎಂದಳು. ಅಣ್ಣ ಹೊರಗೆ ಬರುವಷ್ಟರಲ್ಲಿ ಚಿಕ್ಕಪ್ಪನೇ ಸಣ್ಣದು ತೋರಿಸಿ ಎಂದಿದ್ದ. ಹುಡುಗಿ ತಲೆ ತಗ್ಗಿಸಿಯೇ ಇದ್ದಳು. ಅವಳ ಬೆರಳುಗಳು ಮಾತ್ರ ಕಂಠಕ್ಕೆ ಸುತ್ತಿದ್ದವು.

ಹೀಗೆ ಸುತ್ತಲ ಹಳ್ಳಿಗಳ ಹೆಂಗಸರು ಅಣ್ಣನನ್ನೇ ಕೇಳಿಕೊಂಡು ಬರುತ್ತಿದ್ದರು. ಮುಂದಿನ ಕಟ್ಟೆಯ ಮೇಲೆ ಅವರ ಜಾಗ. ನನ್ನದು ಅವರ ಹಿಂದೆ, ತಂಬಿಗೆಗಳ ಪಕ್ಕ. ಎರಡು ವರ್ಷ ಕಳೆದರೂ ನನ್ನನ್ನು ಯಾರೂ ಹೆಸರು ಹಿಡಿದು ಕೇಳಲಿಲ್ಲ. ಇಷ್ಟು ಓದಿದ ನಾನು, ಇಷ್ಟು ಮಾತು ಬಲ್ಲ ನಾನು, ಹೆಬ್ಬೆಟ್ಟು ಒತ್ತುವ ಈ ಮನುಷ್ಯನ ಹಿಂದೆ ಕೂತು ತಂಬಿಗೆ ಎತ್ತಿಕೊಡಬೇಕೇ ಎಂದು ಹೊಟ್ಟೆ ಉರಿಯುತ್ತಿತ್ತು. ಅಣ್ಣ ನನಗೆ ತಮ್ಮ ವಿದ್ಯೆಯನ್ನೆಲ್ಲ ಕಲಿಸುತ್ತಿದ್ದರು ಎಂಬುದು ಆ ಉರಿಯನ್ನು ಕಡಿಮೆ ಮಾಡಲಿಲ್ಲ. ಹೆಚ್ಚೇ ಮಾಡಿತು.

ಒಂದು ಮದುವೆ ಸುಗ್ಗಿಯಲ್ಲಿ ಸಾವುಕಾರರ ಕಿವಿಗೆ ಯಾರೋ ಒಂದು ಮಾತು ಹಾಕಿದರು. ನಿಮ್ಮ ಅಂಗಡಿಯವ ಹೆಣ್ಣುಮಕ್ಕಳ ನಡು ನೋಡುತ್ತಾನೆ ಎಂದು. ಸಾವುಕಾರರು ಕೆಟ್ಟವರಲ್ಲ, ಹೆದರಿಕೆಯವರು. ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದಾಗ ನನ್ನನ್ನು ಗಾದಿಯ ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದರು.

“ನೀನು ದಿನಾ ಬಾಜೂಕ ಕುಂತಿರ್ತಿ. ಆತನ ನೋಟ ಹೆಂಗೈತಿ? ಬರೋಬ್ಬರಿ ಐತೋ ಇಲ್ಲೋ?”

ಅಣ್ಣ ಅಂಗಡಿಯ ಆ ತುದಿಯಲ್ಲಿ ಗೋಡೆಯ ಕಡೆ ತಿರುಗಿ ಹಂಡೆ ಒರೆಸುತ್ತಿದ್ದರು. ಅವರ ನೋಟ ಎಂಥದೆಂದು ಆ ಬಜಾರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೊಣಕೈ, ಬೆರಳು, ಪಾದ. ಇಷ್ಟು ಹೇಳಲು ಮೂರು ಮಾತು ಸಾಕಿತ್ತು. ನಾನು ಅವರ ಬೆನ್ನಿನ ಕಡೆ ಒಮ್ಮೆ ನೋಡಿದೆ. ತಲೆ ತಗ್ಗಿಸಿದೆ. ಕಿವಿಯ ಹಾಲೆಯನ್ನು ಬೆರಳಲ್ಲಿ ಎಳೆದುಕೊಂಡೆ. ಸಾವುಕಾರರು ಕಾದರು. ನಾನು ಒಂದು ಸಣ್ಣ ಉಸಿರು ಬಿಟ್ಟೆ, ಅಷ್ಟೆ.

“ಆತು ಬಿಡು. ಗೊತ್ತಾತು,” ಎಂದರು ಸಾವುಕಾರರು.

ಒಂದು ಮಾತೂ ಆಡಲಿಲ್ಲ ನಾನು. ಎಷ್ಟೋ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡೆ: ನಾನೇನೂ ಹೇಳಿಲ್ಲವಲ್ಲ. ಹೇಳದೆ ಹೇಳುವುದು ಹೇಗೆಂದು ಕಲಿಸಿಕೊಟ್ಟವರ ಮೇಲೆಯೇ ಆ ವಿದ್ಯೆಯನ್ನು ಪ್ರಯೋಗಿಸಿದ್ದೆ. ನನ್ನ ಇಡೀ ಆಯುಷ್ಯದಲ್ಲಿ ನಾನು ಮಾಡಿದ ಅತಿ ಕೀಳು ಕೆಲಸ ಅದು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮರುದಿನ ಅಣ್ಣನನ್ನು ಹಿಂದಿನ ಕೋಣೆಗೆ ಹಾಕಿದರು. ಜನ ಬದಲಿಗೆ ಕೊಡುವ ಹಳೆಯ, ಒಡಕು ಪಾತ್ರೆಗಳನ್ನು ಅಲ್ಲಿ ತೂಗಿ ರಾಶಿ ಹಾಕುತ್ತಿದ್ದರು. ಕಾರಣ ಯಾರಿಗೂ ಹೇಳಲಿಲ್ಲ. ಆದರೆ ಅದು ಎಷ್ಟು ದಿನ ಮುಚ್ಚಿಟ್ಟಂತೆ ಇರಲು ಸಾಧ್ಯ? ಆ ಮಾತು ಬಜಾರಿಗೆ ಬಿದ್ದರೆ ಅಣ್ಣನಿಗೆ ಯಾವ ಅಂಗಡಿಯ ಕಟ್ಟೆಯೂ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಪಾತ್ರೆ ಮಾರುವವನಿಗೆ ನೋಟ ಶುದ್ಧ ಎಂಬ ಹೆಸರೊಂದೇ ಆಧಾರ. ಅದು ಹೋದರೆ ಕೋಸಗಿಯಲ್ಲಿ ಅವರ ಮನೆಯವರೂ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಅಣ್ಣ ವಲ್ಲಿ ಮಡಚಿ ಹೆಗಲಿಗೆ ಹಾಕಿಕೊಂಡು, ನನ್ನ ಪಕ್ಕದಿಂದ ಒಳಗೆ ಹೋಗುವಾಗ ಒಂದು ಕ್ಷಣ ನಿಂತು, “ಕಟ್ಟಿ ಮ್ಯಾಲ ಬೆಳಗ್ಗೆ ಬಿಸಿಲು ಬೀಳ್ತೈತಿ ತಮ್ಮಾ, ತಲಿಗೆ ಏನಾರ ಸುತ್ತಿಕೋ,” ಎಂದರು.

ಬಿಸಿಲು ಬಿತ್ತು. ಗಿರಾಕಿ ಬೀಳಲಿಲ್ಲ. ಹೆಂಗಸರು ಬರುವರು, ನನ್ನನ್ನು ನೋಡುವರು, ಒಳಗೆ ಇಣುಕುವರು, ಕೈಗೆ ತೆಗೆದುಕೊಂಡ ಕೊಡವನ್ನು ಮೆಲ್ಲಗೆ ಕೆಳಗಿಟ್ಟು ಹೋಗುವರು. ನಾನು ಕಲಾಯಿಯ ಗುಣ ಹೇಳಿದೆ, ತಾಮ್ರದ ನೀರಿನಿಂದ ಆರೋಗ್ಯಕ್ಕೆ ಆಗುವ ಲಾಭ ಹೇಳಿದೆ, ಪುಸ್ತಕದಲ್ಲಿ ಓದಿದ್ದ ತೆಲುಗು ಪದ್ಯ ಹೇಳಿದೆ. ಮಾತು ಹೆಚ್ಚಾದಷ್ಟೂ ಅವರ ಕಾಲು ಬೀದಿಯ ಕಡೆ ತಿರುಗುತ್ತಿದ್ದವು. ಈಗ ನನಗೆ ಕಾಲು ಓದಲು ಚೆನ್ನಾಗಿ ಬರುತ್ತಿತ್ತು.

ಒಂಬತ್ತನೆಯ ದಿನ ನಾಗಲದಿನ್ನೆಯ ಮುದುಕಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಮದುವೆ ಗೊತ್ತಾಗಿತ್ತು. ಮುದುಕಿ ತನ್ನ ಕಿರಿಯ ಮಗಳಿಗೂ ಅಣ್ಣನ ಕೈಯಿಂದಲೇ ಕೊಡ ಒಯ್ದಿದ್ದಳಂತೆ.

“ಆತ ಎಲ್ಲದಾನ?”

“ಒಳಗದಾರ ಅಮ್ಮಾ. ನಾನೇ ತೋರಸ್ತೀನಿ ಬರ್ರಿ.”

ಏಳು ಕೊಡ ತೋರಿಸಿದೆ. ಒಂದೊಂದಕ್ಕೂ ಒಂದೊಂದು ಕಥೆ ಹೇಳಿದೆ. ಹುಡುಗಿ ಬೆವರಿದಳು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏಮಿರಾ ಅಬ್ಬಾಯಿ, ನೀನು ಕೊಡ ಮಾರ್ತೀಯೋ, ಹರಿಕಥಿ ಹೇಳ್ತೀಯೋ? ಆತನ್ನ ಕರಿ.”

“ಆತ ಈಗ ಇಲ್ಲಿ ಕುಂದ್ರಂಗಿಲ್ಲಮ್ಮಾ.”

“ಹೌದಾ? ಹಂಗಾರ ನಾನು ಕುಂದ್ರತೀನಿ,” ಎಂದು ಮುದುಕಿ ಮೆಟ್ಟಿಲ ನಟ್ಟನಡುವೆ ಕಾಲು ಚಾಚಿ ಕೂತಳು. ಆಮೇಲೆ ಬಂದ ಇಬ್ಬರು ಹೆಂಗಸರು ಏನೆಂದು ಕೇಳಿ ಅವಳ ಪಕ್ಕ ಕೂತರು. ಅರ್ಧ ಗಂಟೆಯಲ್ಲಿ ಮೆಟ್ಟಿಲೆಲ್ಲ ತುಂಬಿತು. ಒಬ್ಬಳು ಕೂಸಿಗೆ ಹಾಲು ಕುಡಿಸತೊಡಗಿದಳು, ಇನ್ನೊಬ್ಬಳು ಬುತ್ತಿ ಬಿಚ್ಚಿದಳು. ಯಾರೂ ಜಗಳ ಮಾಡಲಿಲ್ಲ, ಕೂಗಲಿಲ್ಲ. ಸಾವುಕಾರರು ಗಾದಿ ಬಿಟ್ಟು ಎದ್ದು ಬಂದರು. ಬಗ್ಗಿ ಮುದುಕಿಯ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಮುದುಕಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವಿರಲಿಲ್ಲ.

“ನೋಡ್ತಾನಂತ ಒಳಗ ಹಾಕೀರಾ? ನೋಡದಂಗ ಕೊಡ ಯಾರು ಮಾರ್ತಾರ ಸಾವ್ಕಾರಾ? ಆತ ಏನು ನೋಡ್ತಾನ ಅಂಬೋದು ನಮಗ ಗೊತ್ತಿಲ್ಲೇನು? ಕೆಟ್ಟ ಕಣ್ಣು ಬಿದ್ರ ಹೆಣ್ಣಿಗೆ ಬೆನ್ನಿಗೇ ತಿಳೀತೈತಿ. ಈತನ್ನ ನೋಡ್ರಿ, ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ. ಈತನ್ನ ಒಳಗ ಹಾಕ್ರಿ.”

ಮೆಟ್ಟಿಲ ತುಂಬ ನಗು ಎದ್ದಿತು. ನನ್ನ ಮುಖ ಹಿತ್ತಾಳೆಯಿಂದ ತಾಮ್ರವಾಯಿತು. ಸಾವುಕಾರರು ನಾಚಿಕೆಯಿಂದ ನನ್ನ ಕಡೆ ತಿರುಗಿ, “ಏನಪ್ಪಾ, ಅವತ್ತು ನಾನು ಕೇಳಿದಾಗ ನೀನು…” ಎಂದು ಶುರು ಮಾಡಿದರು. ಅಷ್ಟರಲ್ಲಿ ಸದ್ದು ಕೇಳಿ ಹೊರಬಂದ ಅಣ್ಣ ಬಾಗಿಲಲ್ಲಿ ನಿಂತಿದ್ದರು. ಹಳೆ ತಾಮ್ರ ಮುಟ್ಟಿ ಕೈಯೆಲ್ಲ ಹಸಿರು.

“ಆತ ಏನೂ ಹೇಳಿರಾಕಿಲ್ಲ ಬಿಡ್ರಿ ಸಾವ್ಕಾರ್ರೇ,” ಎಂದರು ಅಣ್ಣ. “ಈ ತಮ್ಮ ಬಾಯಿ ತೆರೆದ್ರ ಮುಚ್ಚಂಗಿಲ್ಲ. ಹೇಳಿದ್ರ ಇಷ್ಟೊತ್ತಿಗೆ ಕೋಸಗಿ ಸ್ಟೇಷನ್ನಿನತನಕ ಕೇಳಿರ್ತಿತ್ತು.”

ಮತ್ತೆ ನಗು. ಸಾವುಕಾರರೂ ನಕ್ಕರು. ವಿಷಯ ಅಲ್ಲಿಗೇ ನಿಂತಿತು. ನಾನು ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಣ್ಣ ಕೈ ತೊಳೆದುಕೊಂಡು ಬಂದು, ಹುಡುಗಿಯ ಕಡೆ ಒಮ್ಮೆ ನೋಡಿ, ಸಾಲಿನ ಹಿಂದಿನಿಂದ ನಾನು ತೆಗೆಯದೇ ಇದ್ದ ಒಂದು ಕೊಡ ತಂದು ಮೆಟ್ಟಿಲ ಮೇಲಿಟ್ಟು ಬೆನ್ನು ತಿರುಗಿಸಿದರು. ಹುಡುಗಿ ಅದನ್ನು ನಡುವಿಗಿಟ್ಟುಕೊಂಡು, ಅಜ್ಜಿಯನ್ನೂ ಅಂಗಡಿಯನ್ನೂ ಮರೆತು ಬೀದಿಯಲ್ಲಿ ಹತ್ತು ಹೆಜ್ಜೆ ನಡೆದೇಬಿಟ್ಟಳು. “ಏ ನಿಲ್ಲೇ, ಗಂಡನ ಮನಿಗೆ ಈಗಲೇ ಹೊಂಟೆಲ್ಲೇ,” ಎಂದು ಮುದುಕಿ ಕೂಗಿದಳು. ಆ ದಿನ ಮೆಟ್ಟಿಲ ಮೇಲೆ ಕೂತಿದ್ದವರಲ್ಲಿ ಬರಿಗೈಯಲ್ಲಿ ಹೋದವರು ಯಾರೂ ಇರಲಿಲ್ಲ.

ವಾರದ ನಂತರ ಅಣ್ಣ ನನ್ನನ್ನು ಗೋಡೆಯ ಹತ್ತಿರ ಕರೆದರು. “ಬೆನ್ನು ತಿರುಗಿಸೋದು ನಿನಗ ಇನ್ನೂ ಬಂದಿಲ್ಲ. ಬಾ, ಇಲ್ಲಿ ನಿಂದ್ರು. ಈ ಹಂಡೆ ಹೊಟ್ಟಿ ನೋಡು.” ನೋಡಿದೆ. ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಆ ಹಿತ್ತಾಳೆ ಹಂಡೆಯಲ್ಲಿ ಇಡೀ ಅಂಗಡಿ ಇತ್ತು. ಮೆಟ್ಟಿಲು, ಬೀದಿ, ಕೊಡ ತಟ್ಟುತ್ತಿರುವ ಹೆಂಗಸಿನ ಬೆರಳು, ಎಲ್ಲ ಚಿಕ್ಕದಾಗಿ, ಸೊಟ್ಟಗೆ. ಎಡಗಡೆ ಸಾವುಕಾರರ ಗಾದಿ. ಗಾದಿಯ ಮುಂದೆ ಯಾರಾದರೂ ನಿಂತು ಕಿವಿ ಎಳೆದುಕೊಂಡರೆ ಅದೂ ಕಾಣುವಷ್ಟು ಸ್ಪಷ್ಟವಾಗಿ. ಹಂಡೆಯೊಳಗಿನ ಅಣ್ಣ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದರು. ನಾನು ಬಟ್ಟೆ ತೆಗೆದುಕೊಂಡು ಹಂಡೆ ಒರೆಸತೊಡಗಿದೆ. ಅಣ್ಣ ನನ್ನ ಭುಜ ತಟ್ಟಿ, ಗಿರಾಕಿಯ ಕಡೆ ಹೋದರು.

ಆಮೇಲೆ ಆರು ವರ್ಷ ಅವರ ಪಕ್ಕದಲ್ಲೇ ಕೂತೆ. ಕಟ್ಟೆಯ ಮೇಲೆ ಅವರೇ ನನಗೆ ಜಾಗ ಮಾಡಿಕೊಟ್ಟರು. ನಾನು ಮಾತು ಕಡಿಮೆ ಮಾಡಿದೆ, ವ್ಯಾಪಾರ ಕಲಿತೆ, ಮುಂದೆ ಸ್ವಂತಕ್ಕೆ ಸ್ಟೀಲು ಪಾತ್ರೆಯ ಅಂಗಡಿ ಇಟ್ಟೆ. ತೆರೆದ ದಿನ ಅಣ್ಣ ಬಂದು ನನ್ನ ಗಿರಾಕಿಗಳ ನಡುವೆ ಮೆಟ್ಟಿಲ ಮೇಲೆ ಕೂತು, ನಾನು ಮಾರುವುದನ್ನು ಸಂಜೆಯವರೆಗೆ ನೋಡಿ ಹೋದರು. ಪ್ರತಿ ಸಲ ಸಿಕ್ಕಾಗಲೂ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅಣ್ಣ ಎಂಥದೋ ತಮಾಷೆ ಮಾಡಿ ನಗಿಸುತ್ತಿದ್ದರು, ನಗುವಿನಲ್ಲಿ ಅದು ಮುಂದಕ್ಕೆ ಹೋಗುತ್ತಿತ್ತು. ನಗಿಸಿದ್ದು ಅವರ ತಪ್ಪಲ್ಲ.

ಹೋದ ವರ್ಷ, ಕರ್ಮವೆಲ್ಲ ಮುಗಿದ ನಾಲ್ಕು ದಿನಕ್ಕೆ, ನಾನು ರೈಲಿನಲ್ಲಿ ಕೋಸಗಿಗೆ ಹೋದೆ. ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುವುದು. ಎಂಬತ್ತೈದು ದಾಟಿದ್ದರೂ ಗಟ್ಟಿ ಮುದುಕಿ. ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದರು. ಎದುರಿಗೆ ಕೂತು, ಅವರ ಕೈಯನ್ನೇ ನೋಡುತ್ತಾ ಹೇಳಿದೆ.

“ಅಕ್ಕಾ, ಅವತ್ತು ಅಣ್ಣನ್ನ ಹಿಂದಿನ ಕೋಣಿಗೆ ಹಾಕಿದ್ದು ನನ್ನಿಂದ. ಸಾವ್ಕಾರ್ರು ಕೇಳಿದಾಗ ನಾನು ಮಾರಿ ತಗ್ಗಿಸಿದೆ. ಅಣ್ಣ ಅಂಥಾವರಲ್ಲಂತ ಗೊತ್ತಿತ್ತು. ಗೊತ್ತಿದ್ದೇ ತಗ್ಗಿಸಿದೆ.”

ಅಕ್ಕನ ಕೈ ನಿಲ್ಲಲಿಲ್ಲ. ನಾಲ್ಕು ಕಾಯಿ ಸುಲಿದಾದ ಮೇಲೆ ಕೇಳಿದರು. “ಇಷ್ಟು ಹೇಳಾಕ ಅರವತ್ತು ವರ್ಷ ಬೇಕಾತೇನು?”

“ನಿಮಗ ಗೊತ್ತಿತ್ತಾ?”

“ಅವತ್ತೇ ಗೊತ್ತು. ಗಾಡಿ ಇಳದು ಬಂದವ್ರೇ ಕಟ್ಟಿ ಮ್ಯಾಲ ಕುಂತು ನಗಾಕ ಹತ್ತಿದ್ರು. ಏನಂತ ಕೇಳಿದ್ರ, ‘ಆ ತಮ್ಮಗ ಕಸುಬು ಬಂತು ನೋಡೇ. ಒಂದು ಮಾತಾಡದಂಗ ಇವತ್ತು ಸಾವ್ಕಾರ್ರಿಗೇ ಒಂದು ಸುಳ್ಳು ಮಾರಿಬಿಟ್ಟ. ನಾನು ಕಲಿಸಿದ್ದು ದಂಡ ಆಗಲಿಲ್ಲ’ ಅಂದ್ರು.”

ಅಕ್ಕ ನಕ್ಕರು. ನನಗೂ ನಗು ಬಂತು, ಅದರ ಜೊತೆ ಕಣ್ಣಲ್ಲಿ ನೀರೂ ಬಂತು. ಅಣ್ಣನ ದನಿಯಲ್ಲೇ ಕೇಳಿದ ಹಾಗಾಯಿತು. ಆದರೆ ಅಕ್ಕ ನಗುವನ್ನು ಅಲ್ಲಿಗೇ ನಿಲ್ಲಿಸಿದರು.

“ಅವರು ನಕ್ಕರು. ನಾನು ನಗಲಿಲ್ಲ ನೋಡು. ಒಂಬತ್ತು ದಿನ ನನಗ ರೊಟ್ಟಿ ಗಂಟಲಾಗ ಇಳೀಲಿಲ್ಲ. ಮನ್ಯಾಗ ಎರಡು ಹೆಣ್ಣುಕೂಸು. ನಾಳೆ ಯಾರಾರ ನಿಮ್ಮಪ್ಪ ಎಂಥಾವ ಅಂತ ಕೇಳಿದ್ರ ಅವು ಏನು ಹೇಳ್ಬೇಕು ಅಂತ. ನಿನ್ನ ಎರಡು ವರ್ಷ ಬೈದೀನಿ ನಾನು. ನೀನು ಲಗ್ನಪತ್ರ ಕೊಡಾಕ ಬಂದಿದ್ದೆಲ್ಲ, ಅವತ್ತು ನಿನಗ ನೀರು ಕೊಟ್ಟಾಕಿ ಒಳಗ ಹೋಗಿ ಬೈದೀನಿ.”

ಅರವತ್ತು ವರ್ಷ ನಾನು ಅಣ್ಣನೊಬ್ಬರನ್ನೇ ನೆನೆದು ಕೊರಗಿದ್ದೆ. ಕೋಸಗಿಯ ಈ ಬಾಗಿಲಲ್ಲಿ ಒಂಬತ್ತು ದಿನ ಊಟ ಬಿಟ್ಟ ಒಬ್ಬಾಕೆ ಇದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ.

“ತಪ್ಪಾತಕ್ಕಾ,” ಎಂದೆ.

“ಆತಲ್ಲ ಮತ್ತ. ಅಷ್ಟೇ ಹೇಳಬೇಕಾಗಿದ್ದು.” ಅಕ್ಕ ಮೊರವನ್ನು ಪಕ್ಕಕ್ಕಿಟ್ಟು ಒಳಗಿನ ಕಡೆ ಕೂಗಿದರು. “ಏ ಸೊಸೀ, ತಮ್ಮ ಬಂದಾನ, ರೊಟ್ಟಿ ಬಡಿ. ಪುಂಡಿಪಲ್ಯ ಐತಲ್ಲ, ಬಿಸಿ ಮಾಡು.”

ಒಲ್ಲೆ ಎನ್ನುವ ಧೈರ್ಯ ಬರಲಿಲ್ಲ. ಅಲ್ಲೇ ಪಡಸಾಲೆಯಲ್ಲಿ ಕೂತು ಉಂಡೆ. ಅಕ್ಕ ಎದುರಿಗೆ ಕೂತು ನೋಡುತ್ತಿದ್ದರು. ಎರಡು ಜೋಳದ ರೊಟ್ಟಿ ಮುಗಿದವು. ಸೊಸೆ ಮೂರನೆಯದನ್ನು ಹಿಡಿದು ಬಂದು ನಿಂತಳು. ಬೇಕೇನು ಎಂದು ಅಕ್ಕ ಕೇಳಿದರು. ನಾನು ತಲೆಯನ್ನು ಆ ಕಡೆ ಈ ಕಡೆ ಸ್ವಲ್ಪ ಆಡಿಸಿದೆ.

“ತಲಿ ಅಲ್ಲಾಡಿಸಬ್ಯಾಡ ತಮ್ಮಾ,” ಎಂದರು ಅಕ್ಕ. “ಅದನ್ನ ಓದಾವ್ರು ಹೋದ್ರು. ನನ್ನ ಮುಂದ ಬಾಯಿ ಬಿಟ್ಟು ಹೇಳಬೇಕು.”

“ಬೇಕು ಅಕ್ಕಾ,” ಎಂದೆ.